ಸಹಿ ಹಾಕಿಸಿಕೊಂಡದ್ದು ಕನ್ನಡದಲ್ಲಿ, ಫಲಿತಾಂಶ ಹೇಳುವುದು ಯಾವ ಭಾಷೆಯಲ್ಲಿ?

ಕರ್ನಾಟಕದ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ, ಸಂಶೋಧನಾ ಸಂಸ್ಥೆಗಳ ನಿರ್ದೇಶಕರಿಗೆ ಮತ್ತು ಉನ್ನತ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಕುಂದಾಪುರ ತಾಲ್ಲೂಕಿನ ಹಳ್ಳಿಯೊಂದರಿಂದ ಈ ಪತ್ರ ಬರೆಯುತ್ತಿದ್ದೇನೆ. 30 ವರ್ಷಕ್ಕೂ ಹೆಚ್ಚು ಕಾಲ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದವನು ನಾನು. ಸಂಶೋಧನೆ ಮಾಡಿದವನಲ್ಲ. ಆದರೆ ಸಂಶೋಧನೆ ನಮ್ಮ ಮನೆ ಬಾಗಿಲಿಗೆ ಬಂದದ್ದನ್ನು ನೋಡಿದ್ದೇನೆ. ಬಂದದ್ದು ಗೊತ್ತಾಯಿತು. ಆಮೇಲೆ ಏನಾಯಿತು ಅಂತ ಯಾರೂ ಹೇಳಲಿಲ್ಲ. ಆ ಮಾತನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

2014ರ ಬೇಸಿಗೆ. ಇಬ್ಬರು ಹುಡುಗಿಯರು ಬಿಸಿಲಲ್ಲಿ ನಡೆದು ನಮ್ಮ ಮನೆಗೆ ಬಂದರು. ಒಂದು ಅಧ್ಯಯನಕ್ಕಾಗಿ ಮಾಹಿತಿ ಸೇರಿಸುತ್ತಿದ್ದೇವೆ ಅಂದರು. ಅಮ್ಮನ ಹತ್ತಿರ ಕೂತು ಕೇಳಿದರು: ಎಷ್ಟನೇ ವಯಸ್ಸಿಗೆ ಅಡುಗೆ ಶುರು ಮಾಡಿದಿರಿ? ಸೌದೆಯೋ ಗ್ಯಾಸೋ? ದಿನಕ್ಕೆ ಎಷ್ಟು ಹೊತ್ತು? ಕೆಮ್ಮು ಇದೆಯಾ, ಕಫ ಬರುತ್ತಾ? ಕೇಳುವ ಮೊದಲು ಒಂದು ಒಪ್ಪಿಗೆ ಪತ್ರ ಕೊಟ್ಟರು. ಮೂರು ಪುಟ. ಅಚ್ಚುಕಟ್ಟಾದ ಕನ್ನಡ. ‘ಈ ಅಧ್ಯಯನದ ಉದ್ದೇಶವನ್ನು ನನಗೆ ನನ್ನ ಭಾಷೆಯಲ್ಲಿ ವಿವರಿಸಲಾಗಿದೆ, ನನಗೆ ಅರ್ಥವಾಗಿದೆ’ ಅಂತ ಕೊನೆಯಲ್ಲಿ ಬರೆದಿತ್ತು. ನಾಲ್ಕನೇ ಕ್ಲಾಸು ಓದಿದ ಅಮ್ಮ ಸಾಲಿನ ಕೆಳಗೆ ಬೆರಳಿಟ್ಟು ಮೂರೂ ಪುಟ ಓದಿದಳು. ಆಮೇಲೆ ಸಹಿ ಹಾಕಿದಳು. ಮಕ್ಕಳಿಗೆ ಬೆಲ್ಲ, ನೀರು ಕೊಟ್ಟಳು. ‘ಗೊತ್ತಾದ್ದನ್ನು ನಮಗೂ ಹೇಳಿ’ ಅಂದಳು. ‘ಖಂಡಿತ ಅಮ್ಮ’ ಅಂದು ಹೋದರು.

ಆ ಮಕ್ಕಳ ಮೇಲೆ ನನಗೆ ಕೋಪವಿಲ್ಲ. ಅವರಿಗೆ ಹೇಳುವ ಮನಸ್ಸು ಇದ್ದಿರಬಹುದು. ಹೇಳುವ ದಾರಿಯನ್ನು ಯಾರೂ ಅವರಿಗೆ ಮಾಡಿಕೊಟ್ಟಿರಲಿಲ್ಲ.

ಅಮ್ಮನ ಕೆಮ್ಮನ್ನು ನಾವು ಶೀತ ಅಂತಲೇ ತಿಳಿದಿದ್ದೆವು. ಊರ ಡಾಕ್ಟರು ಸಿರಪ್ ಬರೆದುಕೊಡುತ್ತಿದ್ದರು. ಬಾವಿಕಟ್ಟೆಯಿಂದ ಹಿತ್ತಿಲ ಬಾಗಿಲಿಗೆ ಬರುವಷ್ಟರಲ್ಲಿ ಎರಡು ಸಲ ನಿಲ್ಲುವ ಹಾಗಾದ ಮೇಲೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಅಮ್ಮನ ಬಾಯಿಗೆ ಒಂದು ಕೊಳವೆ ಇಟ್ಟು ಊದಿ ಅಂದರು. ಎಷ್ಟು ಗಾಳಿ ಹೊರಗೆ ಬರುತ್ತದೆ, ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬರುತ್ತದೆ ಅಂತ ಅಳೆಯುವ ಯಂತ್ರ ಅದು. ಮೊದಲ ಸೆಕೆಂಡಿನ ಪಾಲು ಒಟ್ಟು ಗಾಳಿಯ ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಗಾಳಿಯ ದಾರಿ ಕಿರಿದಾಗಿದೆ ಅಂತ ಲೆಕ್ಕ. ಅಮ್ಮ ಊದಿದಳು. ಮತ್ತೆ ಊದಿದಳು. ‘ಇನ್ನೂ ಜೋರಾಗಿ ಅಮ್ಮ, ಇನ್ನೂ ಇನ್ನೂ’ ಅಂತ ಯಂತ್ರದ ಹತ್ತಿರ ನಿಂತ ಹುಡುಗ ಕೂಗುತ್ತಿದ್ದ. ಐವತ್ತು ವರ್ಷ ಒಲೆ ಮುಂದೆ ಕೂತು ಊದುಗೊಳವೆ ಊದಿದ ಹೆಂಗಸು ಅವಳು. ಆ ಪುಟ್ಟ ಕೊಳವೆ ಊದಲಿಕ್ಕೆ ಅವಳಿಂದ ಆಗಲಿಲ್ಲ. ನನ್ನ ಕಡೆ ನೋಡಿ ತಪ್ಪು ಮಾಡಿದವಳ ಹಾಗೆ ನಕ್ಕಳು.

ಸಿಒಪಿಡಿ ಅಂದರು. ಗಾಳಿದಾರಿ ಕಿರಿದಾಗಿಯೇ ಉಳಿಯುವ ಶ್ವಾಸಕೋಶದ ಕಾಯಿಲೆ. ಉಬ್ಬಸದ ಹಾಗೆ ಬಂದು ಹೋಗುವ ಕಾಯಿಲೆ ಇದಲ್ಲ. ಕಿರಿದಾದ ಗಾಳಿದಾರಿ ಮೊದಲಿನ ಹಾಗೆ ಆಗುವುದಿಲ್ಲ. ಇದ್ದಷ್ಟನ್ನು ಉಳಿಸಿಕೊಳ್ಳಬೇಕು ಅಷ್ಟೇ. ಅಮ್ಮ ತೀರಿಕೊಂಡು ಈಗ ನಾಲ್ಕು ವರ್ಷ.

ಅವಳು ಹೋದ ಮೇಲೆ ನಾನು ಇಂಗ್ಲಿಷ್ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಲು ಶುರು ಮಾಡಿದೆ. ನಮ್ಮ ದೇಶದಲ್ಲಿ 2016ರಲ್ಲಿ 5.5 ಕೋಟಿ ಜನರಿಗೆ ಸಿಒಪಿಡಿ ಇತ್ತು ಎಂಬ ಅಂದಾಜು ಸಿಕ್ಕಿತು. ಪ್ರಪಂಚದ ಜನಸಂಖ್ಯೆಯಲ್ಲಿ ನಮ್ಮ ಪಾಲು ನೂರಕ್ಕೆ 18. ದೀರ್ಘಕಾಲದ ಉಸಿರಾಟದ ಕಾಯಿಲೆಗಳ ಹೊರೆಯಲ್ಲಿ ನಮ್ಮ ಪಾಲು ನೂರಕ್ಕೆ 32. ಓದುತ್ತಾ ಹೋದ ಹಾಗೆ 2013ರಲ್ಲಿ ಪ್ರಕಟವಾದ ಒಂದು ಲೇಖನ ಕಣ್ಣಿಗೆ ಬಿತ್ತು. ಬೇರೆ ಯಾವುದೋ ದೇಶದ್ದಲ್ಲ, ನಮ್ಮ ಮೈಸೂರು ಜಿಲ್ಲೆಯ ಹಳ್ಳಿಗಳದ್ದು. ಸೌದೆ, ಬೆರಣಿ ಒಲೆಯಲ್ಲಿ ಅಡುಗೆ ಮಾಡುವ ಹೆಂಗಸರನ್ನು ಮಾತಾಡಿಸಿ ಬರೆದದ್ದು. ಅದರಲ್ಲಿ ಒಂದು ಲೆಕ್ಕ ಇತ್ತು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಅನ್ನುವುದನ್ನು, ಎಷ್ಟು ವರ್ಷ ಅನ್ನುವುದರಿಂದ ಗುಣಿಸಿ. ಉತ್ತರ 60 ಮುಟ್ಟಿದರೆ ಹಳೇ ಕೆಮ್ಮಿನ ಅಪಾಯ ಎದ್ದು ಕಾಣುವಷ್ಟು ಜಾಸ್ತಿಯಾಗುತ್ತದೆ. ಹಳೇ ಕೆಮ್ಮು ಅಂದರೆ ವರ್ಷಕ್ಕೆ ಮೂರು ತಿಂಗಳಂತೆ ಎರಡು ವರ್ಷ ಬಿಡದೆ ಕಫದ ಕೆಮ್ಮು. 60 ದಾಟಿದವರಿಗೆಲ್ಲ ಬಂದೇ ಬರುತ್ತದೆ ಅಂತಲ್ಲ. ಎಚ್ಚರವಾಗಬೇಕಾದ ಗೆರೆ ಅದು.

ನಾನು ಗಣಿತದ ಮೇಷ್ಟ್ರು. ಆ ಸಾಲು ಓದಿ ಪೆನ್ನು ತೆಗೆದುಕೊಂಡೆ. ಅಮ್ಮನ ಹಳೇ ಔಷಧಿ ಚೀಟಿಯ ಹಿಂದೆ ಬರೆದೆ. ಕುಚ್ಚಲಕ್ಕಿ ಬೇಯಲಿಕ್ಕೇ ಹೊತ್ತು ಹಿಡಿಯುತ್ತದೆ, ಮೂರು ಹೊತ್ತಿನ ಅಡುಗೆ ಸೇರಿ ದಿನಕ್ಕೆ 4 ಗಂಟೆ. ಬಚ್ಚಲ ಒಲೆ ಬಿಟ್ಟು. 16ನೇ ವಯಸ್ಸಿಗೆ ಮದುವೆಯಾಗಿ ಬಂದವಳು 70ರವರೆಗೆ ಒಲೆ ಬಿಡಲಿಲ್ಲ. 54 ವರ್ಷ. 4 ಗುಣಿಸು 54, ಒಟ್ಟು 216. 60 ಮುಟ್ಟಿದ್ದು ಯಾವಾಗ? ಮದುವೆಯಾಗಿ 15 ವರ್ಷಕ್ಕೆ. ಆಗ ಅವಳಿಗೆ 31, ನನಗೆ 13. ನನಗೆ ಗುಣಾಕಾರ ಚೆನ್ನಾಗಿಯೇ ಬರುತ್ತಿತ್ತು.

ಆ ಕಾಲಕ್ಕೆ ಈ ಸಂಶೋಧನೆ ಆಗಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಆದರೆ 2013ಕ್ಕೆ ಆಗಿತ್ತು. ಆಗಲೂ ಅಮ್ಮ ಒಲೆ ಮುಂದೆಯೇ ಕೂರುತ್ತಿದ್ದಳು. ಪಕ್ಕದ ಮನೆಯ 28 ವರ್ಷದ ಸೊಸೆಯೂ ಕೂರುತ್ತಿದ್ದಳು. ಆ ಲೇಖನವನ್ನು ಯಾರೂ ಬೀಗ ಹಾಕಿ ಇಟ್ಟಿರಲಿಲ್ಲ. ದುಡ್ಡು ಕೊಡದೆ ಯಾರು ಬೇಕಾದರೂ ಓದಬಹುದು. ಅದನ್ನು ಬರೆದವರು ಒಳ್ಳೆಯ ಕೆಲಸ ಮಾಡಿದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಗಂಟೆಯನ್ನು ವರ್ಷದಿಂದ ಗುಣಿಸಿ ಅನ್ನುವ ಈ ಒಂದು ಸಾಲು, ಒಂದೇ ಒಂದು ಸಾಲು, ನಮ್ಮ ಊರಿನ ಅಂಗನವಾಡಿ ಗೋಡೆಯ ಮೇಲೆ ಯಾಕೆ ಇರಲಿಲ್ಲ? ಮೂರನೇ ಕ್ಲಾಸಿನ ಮಗು ಮಾಡುವ ಲೆಕ್ಕ ಅಲ್ವಾ ಇದು?

ನನ್ನ ಅಹವಾಲು ಇಲ್ಲಿಂದ ಶುರುವಾಗುತ್ತದೆ. ಜನರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ಅವರಿಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪಡೆಯಲೇಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನಿಯಮ ಹೇಳುತ್ತದೆ. ಒಳ್ಳೆಯ ನಿಯಮ. ಹಾಗಾಗಿ ಪ್ರತಿಯೊಂದು ಸಂಸ್ಥೆಯಲ್ಲೂ ಕನ್ನಡ ಬರೆಯುವವರು ಇದ್ದಾರೆ, ಕನ್ನಡದಲ್ಲಿ ವಿಷಯ ಹೇಳಲು ಸಾಧ್ಯ ಅನ್ನುವುದೂ ನಿಮಗೆ ಗೊತ್ತಿದೆ. ನಮ್ಮ ಸಹಿ ಬೇಕಾದಾಗ ಬಂದ ಆ ಕನ್ನಡ, ಫಲಿತಾಂಶ ಬಂದ ದಿನ ಎಲ್ಲಿ ಹೋಗುತ್ತದೆ?

ಈಗ ನನ್ನ ಚಿಕ್ಕಪ್ಪನ ಮಗನ ಸಂಗತಿ ಹೇಳುತ್ತೇನೆ. ಪಂಚಗಂಗಾವಳಿಯ ಹಿನ್ನೀರಿನ ಅಂಚಿನಲ್ಲಿ ಅವನಿಗೆ ಎರಡು ಚಟ್ಲಿ ಹೊಂಡ ಇದ್ದವು. ಚಟ್ಲಿ ಅಂದರೆ ನಮ್ಮ ಕಡೆ ಸಿಗಡಿ. ಸಾಲ ಮಾಡಿ ಮರಿ ಬಿಟ್ಟಿದ್ದ. ಒಂದು ಬೆಳಗಿನ ಜಾವ ಫೋನ್ ಮಾಡಿ, ‘ಅಣ್ಣ, ಚಟ್ಲಿ ಎಲ್ಲ ದಂಡೆಗೆ ಬಂದು ನಿಂತಿದೆ’ ಅಂದ. ಹೋಗಿ ನೋಡಿದೆ. ಟಾರ್ಚಿನ ಬೆಳಕಿಗೆ ನೀರಿನ ಅಂಚಿನುದ್ದಕ್ಕೂ ಕಣ್ಣುಗಳು ಹೊಳೆಯುತ್ತಿದ್ದವು. ತಟ್ಟೆಗೆ ಹಾಕಿದ ಮೇವು ಹಾಗೇ ಉಳಿದಿತ್ತು. ಒಂದನ್ನು ಹಿಡಿದು ತಲೆಯ ಚಿಪ್ಪು ಸುಲಿದು ಬೆಳಕಿಗೆ ಹಿಡಿದೆವು. ಸುಣ್ಣದ ಚುಕ್ಕಿ ಇಟ್ಟ ಹಾಗೆ ಬಿಳಿ ಬಿಳಿ ಕಲೆ, ಸಾಸಿವೆಗಿಂತ ಚಿಕ್ಕವು. ಆರನೇ ದಿನಕ್ಕೆ ಹೊಂಡ ಖಾಲಿ.

ಬಿಳಿ ಚುಕ್ಕೆ ರೋಗ ನಮ್ಮ ದೇಶಕ್ಕೆ 1994ರ ಸುಮಾರಿಗೆ ಬಂದದ್ದು. ಅದಕ್ಕೆ ಕಾರಣ ಒಂದು ವೈರಸ್. ಲಕ್ಷಣ ಕಂಡ ಮೂರರಿಂದ ಹತ್ತು ದಿನದಲ್ಲಿ ಹೊಂಡಕ್ಕೆ ಹೊಂಡವೇ ಸಾಯಬಹುದು. ಬಂದ ಮೇಲೆ ಔಷಧಿ ಇಲ್ಲ. ಇರುವುದೆಲ್ಲ ಬಾರದ ಹಾಗೆ ನೋಡಿಕೊಳ್ಳುವ ದಾರಿ. ಪರೀಕ್ಷೆ ಮಾಡಿದ ಮರಿ ತರಬೇಕು. ಏಡಿ ಒಳಗೆ ಬಾರದ ಹಾಗೆ ಸುತ್ತ ಬೇಲಿ ಕಟ್ಟಬೇಕು, ಏಡಿಗಳು ಈ ವೈರಸ್ ಹೊತ್ತು ತಿರುಗುತ್ತವೆ. ಹಕ್ಕಿಗೆ ಬಲೆ ಹಾಕಬೇಕು. ರೋಗ ಬಂದ ಹೊಂಡದ ನೀರನ್ನು ಬ್ಲೀಚಿಂಗ್ ಹಾಕಿ ಶುದ್ಧ ಮಾಡದೆ ಹೊಳೆಗೆ ಬಿಡಲೇಬಾರದು. ಇದೆಲ್ಲ ಹೊಸ ಸಂಗತಿಯಲ್ಲ. ಈ ವೈರಸ್ಸಿನ ಮೇಲೆ 90ರ ದಶಕದಿಂದಲೇ ಕೆಲಸ ಮಾಡಿದ ವಿಜ್ಞಾನಿಗಳು ನಮ್ಮ ಮಂಗಳೂರಿನಲ್ಲೇ ಇದ್ದರು. ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು ಅಲ್ಲಿಯೇ. ನಮ್ಮೂರಿಂದ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮೊದಲು ಅಲ್ಲಿರಬಹುದು.

ನನ್ನ ತಮ್ಮನಿಗೆ ಏನು ಗೊತ್ತಿತ್ತು? ಅಂಗಡಿಯವನು ಹೇಳಿದ್ದು ಗೊತ್ತಿತ್ತು. ಅಂಗಡಿಯವನು ಆ್ಯಂಟಿಬಯಾಟಿಕ್ ಕೊಟ್ಟ. ವೈರಸ್ಸಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಅದರ ಅಂಶ ಸಿಗಡಿಯಲ್ಲಿ ಉಳಿದರೆ ಹೊರದೇಶದವರು ಸರಕನ್ನೇ ವಾಪಸ್ ಕಳಿಸುತ್ತಾರೆ. ಆ ಡಬ್ಬಿಗೆ ಕೊಟ್ಟ ದುಡ್ಡೂ ಹೊಂಡಕ್ಕೇ ಹೋಯಿತು. ಇನ್ನೊಂದು ಮಾತು ಕೇಳಿ. ಅವನು ತಂದಿದ್ದು ವನಾಮಿ ಜಾತಿಯ ಮರಿ. ನಮ್ಮ ದೇಶದಲ್ಲಿ 2009ರಿಂದ ಅದನ್ನು ಬೆಳೆಯಲು ಬಿಟ್ಟಿದ್ದಾರೆ. ಮರಿ ಮಾರಿದವರು ‘ಎಸ್‌ಪಿಎಫ್’ ಅಂತ ಹೇಳಿದ್ದರು. ರೋಗ ಬಾರದ ಮರಿ ಅಂತ ಇವನು ತಿಳಿದ. ಆ ಮೂರು ಅಕ್ಷರದ ಅರ್ಥ ಅದಲ್ಲ. ಇಂತಿಂಥ ರೋಗಾಣು ಈಗ ಇದರಲ್ಲಿಲ್ಲ ಅಂತ ಪರೀಕ್ಷೆ ಮಾಡಿ ಬೆಳೆಸಿದ ತಳಿ ಅಂತ ಅರ್ಥ. ನಮ್ಮ ನೀರಿಗೆ ಬಿದ್ದ ಮೇಲೆ ಅದಕ್ಕೂ ರೋಗ ಬರುತ್ತದೆ. ‘ರೋಗ ಇಲ್ಲದ್ದು’ ಮತ್ತು ‘ರೋಗ ಬಾರದ್ದು’, ಕನ್ನಡದಲ್ಲಿ ಇವೆರಡರ ನಡುವೆ ಒಂದೇ ಪದದ ವ್ಯತ್ಯಾಸ. ಆ ಒಂದು ಪದವನ್ನು ಯಾರಾದರೂ ಬಿಡಿಸಿ ಹೇಳಿದ್ದರೆ ಅವನು ಬೇಲಿ ಕಟ್ಟುತ್ತಿದ್ದ. ಬೇಲಿಯ ಖರ್ಚು ದಂಡ ಅಂತ ಸುಮ್ನೆ ಬಿಟ್ಟಿದ್ದ.

ಇದಕ್ಕಿಂತ ಕೆಟ್ಟದ್ದು ಆ ರಾತ್ರಿ ಆಯಿತು. ಇಳಿತದ ಹೊತ್ತಿಗೆ ಅವನು ತೂಬು ಎತ್ತಿ ಹೊಂಡದ ನೀರನ್ನೆಲ್ಲ ಹೊಳೆಗೆ ಬಿಟ್ಟ. ವಾಸನೆ ತಡೆಯಲಾಗುತ್ತಿರಲಿಲ್ಲ. ಹತ್ತು ದಿನದೊಳಗೆ ಕೆಳಗಿನ ಮೂರು ಹೊಂಡಕ್ಕೆ ರೋಗ ಬಂತು. ಅವರಲ್ಲಿ ಒಬ್ಬರು ಈಗಲೂ ಅವನ ಹತ್ತಿರ ಮಾತಾಡುವುದಿಲ್ಲ.

ಆ ವರ್ಷದ ದೀಪಾವಳಿಗೆ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಗಣಿತದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗ. ಏನು ಮಾಡ್ತಾ ಇದ್ದೀಯ ಅಂತ ಕೇಳಿದರೆ ಯಾವಾಗಲೂ ‘ಡಿಫರೆನ್ಷಿಯಲ್ ಈಕ್ವೇಶನ್ ಸಾರ್’ ಅಂತ ಹೇಳಿ ಮಾತು ಬದಲಿಸುತ್ತಿದ್ದ. ಅವನ ತಾಯಿಗೂ ಅಷ್ಟೇ ಹೇಳಿದ್ದನಂತೆ. ಆ ದಿನ ಜಗಲಿಯಲ್ಲಿ ನನ್ನ ತಮ್ಮನೂ ಕೂತಿದ್ದ. ನಾನು ಹಠ ಹಿಡಿದೆ. ಇವನಿಗೆ ಅರ್ಥ ಆಗುವ ಹಾಗೆ ಹೇಳು ಅಂದೆ. ಹುಡುಗ ಸ್ವಲ್ಪ ಹೊತ್ತು ತಡವರಿಸಿದ. ಆಮೇಲೆ ಶುರು ಮಾಡಿದ.

1927ರಲ್ಲಿ ಕೆರ್ಮಾಕ್, ಮೆಕೆಂಡ್ರಿಕ್ ಎಂಬ ಇಬ್ಬರು ಸಾಂಕ್ರಾಮಿಕ ರೋಗ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಅನ್ನುವುದಕ್ಕೆ ಸಮೀಕರಣ ಬರೆದರು. ಮೆಕೆಂಡ್ರಿಕ್ ನಮ್ಮ ದೇಶದಲ್ಲೇ ವೈದ್ಯನಾಗಿ ಕೆಲಸ ಮಾಡಿದ್ದವನು. ಅವರ ಸಮೀಕರಣ ಸರಿಯೇ ಅಂತ ಹೋಲಿಸಿ ನೋಡಿದ್ದು ಬೊಂಬಾಯಿಯ ಪ್ಲೇಗಿನ ಲೆಕ್ಕದ ಜತೆ, 1905–06ರಲ್ಲಿ ವಾರವಾರ ಎಷ್ಟೆಷ್ಟು ಜನ ಸತ್ತರು ಅನ್ನುವ ಲೆಕ್ಕ. ಹೇಳುವಾಗ ಆ ಹುಡುಗನ ದನಿ ತಗ್ಗಿತು. ಆ ಲೆಕ್ಕದಿಂದ ಬಂದ ತಿಳಿವಳಿಕೆ ಇಷ್ಟೇ: ರೋಗ ಬಂದವರು ಪ್ರತಿಯೊಬ್ಬರೂ ಸರಾಸರಿ ಒಬ್ಬರಿಗಿಂತ ಹೆಚ್ಚು ಜನರಿಗೆ ಹಂಚಿದರೆ ರೋಗ ಹಬ್ಬುತ್ತದೆ. ಒಬ್ಬರಿಗಿಂತ ಕಡಿಮೆ ಆದರೆ ತಾನಾಗಿ ಆರಿಹೋಗುತ್ತದೆ. ಎಲ್ಲರನ್ನೂ ಕಾಪಾಡಬೇಕಿಲ್ಲ, ಹಂಚುವುದನ್ನು ಆ ಒಂದಕ್ಕಿಂತ ಕೆಳಗೆ ಇಳಿಸಿದರೆ ಸಾಕು.

ನನ್ನ ತಮ್ಮ ಕಾಫಿ ಲೋಟ ಕೆಳಗಿಟ್ಟ. ‘ಅಂದರೆ, ಮನುಷ್ಯನ ಬದಲಿಗೆ ಹೊಂಡ ಅಂತ ಇಟ್ಟುಕೊಂಡರೂ ಇದೇ ಲೆಕ್ಕವಾ?’ ಅಂದ. ಹೌದು ಅಂದ ಹುಡುಗ. ‘ನಾನು ಒಂದು ಹೊಂಡದ ನೀರು ಬಿಟ್ಟು ಮೂರು ಹೊಂಡಕ್ಕೆ ಹಂಚಿದೆ ಹಾಗಾದರೆ’ ಅಂದ ತಮ್ಮ. ಯಾರೂ ಮಾತಾಡಲಿಲ್ಲ. ಮರುದಿನ ಅವನು ಹೊಳೆಯ ಆ ದಂಡೆಯ ನಾಲ್ಕು ಜನರನ್ನು ಕೂರಿಸಿಕೊಂಡು, ಯಾರ ಹೊಂಡಕ್ಕೆ ರೋಗ ಬಂದರೂ ಉಳಿದವರಿಗೆ ತಿಳಿಸದೆ ತೂಬು ಎತ್ತುವುದಿಲ್ಲ ಅಂತ ಮಾತಾಡಿಕೊಂಡ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು. ಅವನಿಗೆ ಅರ್ಥವಾಗಲು ಬೇಕಾದದ್ದು ಹತ್ತು ನಿಮಿಷ ಮತ್ತು ಅವನ ಭಾಷೆ. ಆ ಹುಡುಗ ಹೊರಡುವಾಗ ನನ್ನ ಹತ್ತಿರ ಹೇಳಿದ: ‘ಸಾರ್, ನನ್ನ ಕೆಲಸವನ್ನು ಕನ್ನಡದಲ್ಲಿ ಹೇಳಿದ್ದು ಇದೇ ಮೊದಲು. ಹೇಳಿದ ಮೇಲೆ ನನಗೇ ಇನ್ನೂ ಚೆನ್ನಾಗಿ ಅರ್ಥವಾಯಿತು.’

ಗಣಿತ ಕನ್ನಡದಲ್ಲಿ ಆಗುವುದಿಲ್ಲ ಅನ್ನುವವರಿಗೆ ಒಂದು ಮಾತು ನೆನಪಿಸುತ್ತೇನೆ. ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲಿ, ರಾಜಾದಿತ್ಯ ಎಂಬ ಕವಿ ಗಣಿತವನ್ನು ಕನ್ನಡ ಪದ್ಯಗಳಲ್ಲಿ ಬರೆದ. ಅವನ ಒಂದು ಗ್ರಂಥದ ಹೆಸರೇ ‘ವ್ಯವಹಾರಗಣಿತ’. ಸಂಸ್ಕೃತದಲ್ಲಿ ಬರೆದಿದ್ದರೆ ಪಂಡಿತರು ತಲೆದೂಗುತ್ತಿದ್ದರು. ಅವನು ಕನ್ನಡವನ್ನು ಆರಿಸಿಕೊಂಡ.

ಪಾದೂರಿನ ಮಾತೂ ಇದೇ ಸಾಲಿನದು. ಕಾಪು ತಾಲ್ಲೂಕಿನ ಪಾದೂರಿನ ಹತ್ತಿರ ನನ್ನ ತಂಗಿಯನ್ನು ಕೊಟ್ಟಿದ್ದೇವೆ. ಅಲ್ಲಿ ನೆಲದಡಿಯ ಬಂಡೆಯನ್ನು ಕೊರೆದು ದೇಶದ ತುರ್ತು ಕಾಲಕ್ಕೆ ಕಚ್ಚಾ ತೈಲ ತುಂಬಿಟ್ಟಿದ್ದಾರೆ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಯುವ ಗುಹೆಗಳು. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಜಾಗಕ್ಕೆ 2018ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ತಂಗಿ ಒಂದು ದಿನ ಕೇಳಿದಳು: ‘ಅಣ್ಣ, ಆ ಎಣ್ಣೆ ನಮ್ಮ ಬಾವಿಗೆ ಇಳಿಯುತ್ತಾ?’

ನನಗೆ ಗೊತ್ತಿರಲಿಲ್ಲ. ಒಬ್ಬ ಅಧಿಕಾರಿಯನ್ನು ಕೇಳಿದೆ. ‘ಎಲ್ಲಾ ರಿಪೋರ್ಟಿನಲ್ಲಿದೆ’ ಅಂದರು. ರಿಪೋರ್ಟು ಇಂಗ್ಲಿಷಿನಲ್ಲಿತ್ತು, ನಮ್ಮ ಪಂಚಾಂಗದ ಹತ್ತು ಪಟ್ಟು ದಪ್ಪ. ಆಮೇಲೆ ನಾನೇ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡದ್ದನ್ನು ತಂಗಿಗೆ ಹೀಗೆ ಹೇಳಿದೆ. ನಿಮ್ಮ ಬಾವಿಯ ಗೋಡೆಯ ಬಂಡೆ ಸಂದಿಯಿಂದ ಒಸರು ಒಳಗೆ ಬರುತ್ತದೆ, ಬಾವಿಯ ನೀರು ಆ ಸಂದಿಯಲ್ಲಿ ಹೊರಗೆ ಹೋಗುವುದಿಲ್ಲ. ಯಾಕೆ? ಹೊರಗಿನ ನೀರಿನ ಒತ್ತಡ ಜಾಸ್ತಿ. ತೈಲದ ಗುಹೆಯೂ ಹಾಗೇ. ಅದರ ಬಂಡೆಗೆ ಒಳಗಿನಿಂದ ಉಕ್ಕಿನ ಹೊದಿಕೆ ಇಲ್ಲ. ಸುತ್ತಲಿನ ಅಂತರ್ಜಲ ಎಲ್ಲಾ ಕಡೆಯಿಂದ ಒತ್ತುತ್ತಾ ಇರುತ್ತದೆ. ಎಣ್ಣೆ ನೀರಿನ ಜತೆ ಬೆರೆಯುವುದಿಲ್ಲ, ನೀರಿಗಿಂತ ಹಗುರ. ಹಾಗಾಗಿ ನೀರೇ ಎಣ್ಣೆಯನ್ನು ಒಳಗೆ ಹಿಡಿದಿಟ್ಟಿರುತ್ತದೆ. ಒಳಗೆ ಒಸರಿದ ನೀರನ್ನು ಪಂಪಿನಿಂದ ಎತ್ತಿ ಶುದ್ಧ ಮಾಡುತ್ತಾರೆ. ಒತ್ತಡ ಕಡಿಮೆಯಾಗದ ಹಾಗೆ ಗುಹೆಗಳ ಮೇಲುಗಡೆ ಸುರಂಗ ತೋಡಿ, ಅಲ್ಲಿಂದ ಬಂಡೆಗೆ ನೀರು ಉಣಿಸುತ್ತಾರೆ. ನೀರಿನ ಪರದೆ ಅಂತ ಅದರ ಹೆಸರು.

ತಂಗಿ ಸ್ವಲ್ಪ ಯೋಚನೆ ಮಾಡಿ ಕೇಳಿದಳು: ‘ಹಾಗಾದರೆ ನೆಲದ ನೀರು ಇಳಿದುಹೋದರೆ?’

ನೋಡಿ, ಐದನೇ ಕ್ಲಾಸು ಓದಿದವಳು ಕೇಳಿದ ಪ್ರಶ್ನೆ ಇದು. ಆ ಗುಹೆ ಕಟ್ಟುವ ಎಂಜಿನಿಯರುಗಳು ಮೊದಲು ಕೇಳಿಕೊಳ್ಳುವ ಪ್ರಶ್ನೆಯೂ ಇದೇ. ಅದಕ್ಕೇ ಸುತ್ತಲಿನ ಅಂತರ್ಜಲದ ಮಟ್ಟವನ್ನು ಅಳೆಯುತ್ತಾ ಇರುತ್ತಾರೆ. ಆ ಅಳತೆಯನ್ನು ಪ್ರತಿ ಬೇಸಿಗೆಯಲ್ಲಿ ಪಂಚಾಯತಿಯ ಬೋರ್ಡಿನ ಮೇಲೆ ಕನ್ನಡದಲ್ಲಿ ಹಾಕಿದರೆ ಯಾರಿಗೆ ನಷ್ಟ? ಹೆದರಿಕೆ ಹುಟ್ಟುವುದು ಗೊತ್ತಿಲ್ಲದಾಗ. ತಂಗಿ ಈಗಲೂ ಆ ಯೋಜನೆಯನ್ನು ಮನಸಾರೆ ಒಪ್ಪಿದ್ದಾಳೆ ಅಂತ ನಾನು ಹೇಳುವುದಿಲ್ಲ. ಆದರೆ ಅವಳ ಪ್ರಶ್ನೆ ಈಗ ಸರಿಯಾದ ಜಾಗದಲ್ಲಿದೆ.

ಇಂಥದ್ದಕ್ಕೆ ನಿಯಮ ಇಲ್ಲ ಅಂತ ಹೇಳಬೇಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ, ಸಾರ್ವಜನಿಕ ವಿಚಾರಣೆಗೆ ಮೊದಲು ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಕೊಡಲೇಬೇಕು. 2020ರಲ್ಲಿ ಅದರ ಹೊಸ ಕರಡನ್ನು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ತಂದಾಗ, 22 ಭಾಷೆಗಳಿಗೆ ಅನುವಾದಿಸಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ಒಂದು ಕಾರ್ಖಾನೆ ಊರಿಗೆ ಬರುವಾಗ ಜನರಿಗೆ ಅವರ ಭಾಷೆಯಲ್ಲಿ ಹೇಳಬೇಕು ಅನ್ನುವುದಾದರೆ, ಒಂದು ಸಂಶೋಧನೆ ಜನರ ಮನೆಯೊಳಗೆ ಬಂದು ಅವರ ಉಸಿರು ಅಳೆದುಕೊಂಡು ಹೋದಾಗ ಹೇಳುವುದು ಬೇಡವೇ?

ದುಡ್ಡಿಲ್ಲ ಅಂತಲೂ ಹೇಳಬೇಡಿ. ನಮ್ಮ ವಿದ್ಯಾರ್ಥಿಗಳು, ಪ್ರಾಧ್ಯಾಪಕರು ಸುಮಾರು 13,000 ಪತ್ರಿಕೆಗಳನ್ನು ಓದಲಿ ಅಂತ ಕೇಂದ್ರ ಸರ್ಕಾರ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಒಪ್ಪಿಕೊಂಡಿದೆ. ಒಳ್ಳೆಯದೇ. ಓದುವುದಕ್ಕೆ ಅಷ್ಟು ಕೊಟ್ಟವರು, ಓದಿದ್ದನ್ನು ನಮಗೆ ಹೇಳುವುದಕ್ಕೆ ಸ್ವಲ್ಪ ಎತ್ತಿಡಲಿ. ಸ್ವೀಡನ್ನಿನ ಜನಸಂಖ್ಯೆ ಸುಮಾರು ಒಂದು ಕೋಟಿ. ಅಲ್ಲಿ ಇಂಗ್ಲಿಷಿನಲ್ಲಿ ಪಿಎಚ್‌ಡಿ ಬರೆದವರೂ ಸ್ವೀಡಿಷ್ ಭಾಷೆಯಲ್ಲಿ ಸಾರಾಂಶ ಸೇರಿಸುವ ರೂಢಿ ಇದೆ. 2011ರ ಜನಗಣತಿಯಲ್ಲಿ ಕನ್ನಡ ಮಾತೃಭಾಷೆಯವರು 4.37 ಕೋಟಿ.

ನಮ್ಮಲ್ಲಿ ಆಗಿದ್ದೂ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಾಗಿ ತಂತ್ರಜ್ಞಾನ ರೂಪಿಸುವ ಕೇಂದ್ರ ಶುರು ಮಾಡಿದರು. ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಯಲ್ಲಿ ಕೂತು ಕೆಲಸ ಮಾಡಿದರು. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಹೊಗೆ ಚಿಮಣಿಯಲ್ಲಿ ಹೊರಗೆ ಹೋಗುವ, ಸೌದೆ ಉಳಿಸುವ ಒಲೆ. ಅದು ಲೇಖನವಾಗಿ ಮಾತ್ರ ಉಳಿಯಲಿಲ್ಲ. ಗಾರೆಯವನ ಕೈ ಸೇರಿತು, ಅಡುಗೆಮನೆ ಸೇರಿತು, ಅಜ್ಜಿಯರ ಬಾಯಲ್ಲಿ ‘ಅಸ್ತ್ರ ಒಲೆ’ ಅಂತ ಹೆಸರಾಯಿತು. ನಮ್ಮ ಮನೆಗೂ ಹಾಕಿಸೋಣ ಅಂತ ಅಪ್ಪ ಒಂದು ಸಲ ಹೇಳಿದ್ದು ನನಗೆ ನೆನಪಿದೆ. ಹಾಕಿಸಲಿಲ್ಲ. ಅದರ ಬೇಸರ ನನಗೆ ಇವತ್ತಿಗೂ ಇದೆ. ಇನ್ನು ನಮ್ಮ ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಒಬ್ಬರೇ ಕೂತು ನಾಲ್ಕು ಸಂಪುಟದ ವಿಜ್ಞಾನ ಕೋಶವನ್ನೇ ಕನ್ನಡದಲ್ಲಿ ಬರೆದರು. ಅವರ ಹಿಂದೆ ಯಾವ ಇಲಾಖೆಯ ದೊಡ್ಡ ಪಡೆಯೂ ಇರಲಿಲ್ಲ.

ನನ್ನ ಬೇಡಿಕೆ ಚಿಕ್ಕದು. ಕರ್ನಾಟಕದಲ್ಲಿ ಜನರ ತೆರಿಗೆ ದುಡ್ಡಿನಿಂದ ನಡೆಯುವ ಪ್ರತಿ ಸಂಶೋಧನೆಯ ಜತೆ ಒಂದು ಪುಟ ಕನ್ನಡ ಇರಲಿ. ಏನು ಕೇಳಿದೆವು, ಏನು ಕಂಡಿತು, ಎಷ್ಟು ಖಚಿತ, ಏನು ಇನ್ನೂ ಗೊತ್ತಿಲ್ಲ, ಯಾರು ಏನು ಮಾಡಬಹುದು. ಇಷ್ಟೇ. ಪಿಎಚ್‌ಡಿ ಪ್ರಬಂಧವನ್ನು ಶೋಧಗಂಗಾ ಎಂಬ ಜಾಲತಾಣದಲ್ಲಿ ಹಾಕಬೇಕು ಅಂತ ಯುಜಿಸಿ ನಿಯಮ ಇದೆ. ಹಾಕುವಾಗಲೇ ಈ ಪುಟವನ್ನೂ ಕೇಳಿ, ಇಲ್ಲದಿದ್ದರೆ ಪ್ರಬಂಧ ತೆಗೆದುಕೊಳ್ಳಬೇಡಿ. ಜನರ ಸಹಿ ಪಡೆದ ಅಧ್ಯಯನವಾದರೆ ಆ ಪುಟ ಸಹಿ ಹಾಕಿದ ಪ್ರತಿ ಮನೆಗೆ ಹೋಗಲಿ. ವಿಳಾಸ ಹೇಗೂ ನಿಮ್ಮ ಹತ್ತಿರ ಇದೆ. ಮೀನಿನ ರೋಗದ್ದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ, ಶ್ವಾಸಕೋಶದ್ದು ಆಶಾ ಕಾರ್ಯಕರ್ತೆಯರ ಕೈಗೆ, ಉಳಿದದ್ದೆಲ್ಲ ಗ್ರಾಮ ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಬರಲಿ.

ಬರೆದವರಿಗೆ ಅದರಿಂದ ಲಾಭವೂ ಆಗಬೇಕು. ಈಗ ಒಬ್ಬ ಯುವ ಪ್ರಾಧ್ಯಾಪಕಿ ಕನ್ನಡದಲ್ಲಿ ಒಂದು ವಾರ ಕೂತು ಬರೆದರೆ ಬಡ್ತಿಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲ ಅಂತ ಹಲವರು ನನ್ನ ಹತ್ತಿರ ಹೇಳಿಕೊಂಡಿದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. ಆ ಲೆಕ್ಕವನ್ನು ಬದಲಿಸುವುದು ನಿಮ್ಮ ಕೈಯಲ್ಲಿದೆ.

ದಯವಿಟ್ಟು ಯಂತ್ರಕ್ಕೆ ಹಾಕಿ ತೆಗೆದ ಕನ್ನಡ ಮಾತ್ರ ಬೇಡ. ಸಿಗಡಿ ಕೃಷಿ ಅನ್ನುವಲ್ಲಿ ‘ಸಿಗಡಿ ಸಂಸ್ಕೃತಿ’ ಅಂತ ಅಚ್ಚಾದ ಕರಪತ್ರ ನನ್ನ ಕೈಗೆ ಬಂದಿದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಕಲ್ಚರ್’ ಅನ್ನುತ್ತಾರಲ್ಲ, ಅದರ ಫಲ. ಯಾರೋ ಸಹಿ ಹಾಕಿ, ಯಾರೋ ಬಿಲ್ ಪಾಸು ಮಾಡಿ, ಹಂಚಿದ್ದಾರೆ. ಓದುವವರನ್ನು ಕೇಳಿ ನೋಡದಿದ್ದರೆ ಹೀಗೇ ಆಗುವುದು. ಪಾರಿಭಾಷಿಕ ಪದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ವೈರಸ್, ಆಕ್ಸಿಜನ್, ಪೈಪ್‌ಲೈನ್ ಎಲ್ಲವೂ ನಮ್ಮ ಬಾಯಲ್ಲಿ ಕನ್ನಡವೇ ಆಗಿವೆ. ಪದ ಯಾವುದಾದರೂ ಇರಲಿ, ವಾಕ್ಯ ನಮ್ಮದಾಗಿರಲಿ.

ಎಲ್ಲ ಸಂಶೋಧನೆಯಿಂದಲೂ ಉಪಯೋಗ ಆಗಲೇಬೇಕು ಅಂತ ನಾನು ಕೇಳುತ್ತಿಲ್ಲ. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಯಾರೋ ಹೊಸದೊಂದು ಕಂಡುಹಿಡಿದರೆ ಅದರಿಂದ ನಮ್ಮ ಹೊಂಡದ ಸಿಗಡಿ ಉಳಿಯುವುದಿಲ್ಲ, ಗೊತ್ತು. ಆದರೂ ಹೇಳಿ. ಪ್ರತಿ ವರ್ಷ ನನ್ನ ಕ್ಲಾಸಿನಲ್ಲಿ ಒಂದಿಬ್ಬರು ಮಕ್ಕಳು ಇರುತ್ತಿದ್ದರು, ‘ಸಾರ್, ಗಣಿತದಲ್ಲಿ ಎಲ್ಲಾ ಮುಗಿದು ಹೋಗಿದೆಯಾ, ಇನ್ನೂ ಕಂಡುಹಿಡಿಯೋದು ಉಂಟಾ?’ ಅಂತ ಕೇಳುವವರು. ಆ ಮಕ್ಕಳ ಕೈಗೆ ಕೊಡಲು ನನ್ನ ಹತ್ತಿರ ಕನ್ನಡದಲ್ಲಿ ತುಂಬಾ ಕಡಿಮೆ ಇತ್ತು.

ಕೊನೆಗೆ ನಮ್ಮ ಕಡೆಯಿಂದ ಒಂದು ಮಾತು. ಪುಟ ಬರೆದವರು ಅಚ್ಚಿಗೆ ಕಳಿಸುವ ಮೊದಲು ನಮಗೆ ಕಳಿಸಲಿ. ನಮ್ಮೂರಿನ ಅರಿವು ಕೇಂದ್ರದಲ್ಲಿ ಭಾನುವಾರ ಬೆಳಿಗ್ಗೆ ಏಳೆಂಟು ಜನ ಸೇರುತ್ತೇವೆ. ಇಬ್ಬರು ಆಶಾ ಕಾರ್ಯಕರ್ತೆಯರು, ನನ್ನ ತಮ್ಮ, ಒಬ್ಬ ದೋಣಿಯವರು, ಕಾಲೇಜು ಮಕ್ಕಳು, ನಾನು. ಗಟ್ಟಿಯಾಗಿ ಓದುತ್ತೇವೆ. ಅರ್ಥವಾಗದ ಸಾಲಿನ ಕೆಳಗೆ ಗೆರೆ ಎಳೆದು ಅದೇ ವಾರ ವಾಪಸ್ ಕಳಿಸುತ್ತೇವೆ. ಅಂಚೆ ಖರ್ಚು ನಮ್ಮದೇ. ಮೊದಲ ಪುಟವಾಗಿ ಮೈಸೂರಿನ ಆ 60ರ ಲೆಕ್ಕವನ್ನು ಯಾರಾದರೂ ಬರೆದು ಕೊಟ್ಟರೆ, ಅಂಗನವಾಡಿ ಗೋಡೆಗೆ ಬಣ್ಣ ಹೊಡೆದು ಜಾಗ ಸಿದ್ಧ ಮಾಡಿಟ್ಟಿದ್ದೇವೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗಣಿತ ಮೇಷ್ಟ್ರು
ಕುಂದಾಪುರ ತಾಲ್ಲೂಕು, ಉಡುಪಿ ಜಿಲ್ಲೆ